ಲೇಸಿಕ್ ಮಾಡಿಸಿ ಹತ್ತು ವರ್ಷ ದಾಟಿದ ಮೇಲೆ: ಜನ ಕೇಳುವ ಪ್ರಶ್ನೆಗಳು, ನನ್ನ ಅನುಭವ

2013ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಲೇಸಿಕ್, ಅಂದರೆ ಕನ್ನಡಕ ತೆಗೆಸುವ ಲೇಸರ್ ಆಪರೇಷನ್ ಮಾಡಿಸಿಕೊಂಡೆ. ಆಗ ಬಲಗಣ್ಣಿಗೆ ಮೈನಸ್ 5.25, ಎಡಗಣ್ಣಿಗೆ ಮೈನಸ್ 4.75 ಪವರ್ ಇತ್ತು, ಜೊತೆಗೆ ಸ್ವಲ್ಪ ಸಿಲಿಂಡರ್, ಅಂದರೆ ಕಣ್ಣಿನ ಮುಂಭಾಗ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದಿದ್ದರೆ ಬರುವ ಪವರ್. ಐದನೇ ಕ್ಲಾಸಿನಿಂದ ಕನ್ನಡಕ ಹಾಕುತ್ತಿದ್ದವಳು ನಾನು. ಈಗ ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ, ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ನೆಂಟರಲ್ಲೋ ಆಫೀಸಿನಲ್ಲೋ ಯಾರಿಗಾದರೂ ಲೇಸಿಕ್ ಯೋಚನೆ ಬಂದರೆ ಮೊದಲು ನನಗೇ ಫೋನ್ ಬರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ವರ್ಷಗಳು ಕಳೆದ ಮೇಲೆ ಹೇಗಿದೆ ಅಂತ ಬರೆಯುವವರು ಕಮ್ಮಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತೃಪ್ತಿ ಇದೆ. ಇನ್ನೊಮ್ಮೆ ಆ ವಯಸ್ಸಿಗೆ ಹೋದರೂ ಮಾಡಿಸಿಕೊಳ್ಳುತ್ತೇನೆ. ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಮೈನಸ್ ಪವರ್ ಇರುವವರ, ಅಂದರೆ ದೂರದ್ದು ಮಂಜಾಗಿ ಕಾಣುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದಕ್ಕೆ ಬೆಳೆದಿರುತ್ತದೆ. ಲೇಸರ್ ಆ ಉದ್ದವನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಸ್ವಲ್ಪ ಸವೆಸಿ, ಬೆಳಕು ಸರಿಯಾದ ಜಾಗಕ್ಕೆ ಬೀಳುವ ಹಾಗೆ ಮಾಡುತ್ತದೆ ಅಷ್ಟೇ. ಕನ್ನಡಕ ಹೋದರೂ ಕಣ್ಣು ಒಳಗಿನಿಂದ ಅದೇ ಮೈನಸ್ ಕಣ್ಣು. ಮುಂದೆ ನಾನು ಬರೆಯುವುದರಲ್ಲಿ ಮುಕ್ಕಾಲು ಪಾಲು ಇದಕ್ಕೇ ಬಂದು ನಿಲ್ಲುತ್ತದೆ.

"ನನಗೆ ಮಾಡಬಹುದಾ?" ಇದು ಎಲ್ಲರ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಇರುವುದು ಆಪರೇಷನ್‌ಗೆ ಮುಂಚಿನ ಪರೀಕ್ಷೆಯಲ್ಲಿ. ಹದಿನೆಂಟು ತುಂಬಿರಬೇಕು, ಕಳೆದ ಒಂದು ವರ್ಷ ಪವರ್ ಹೆಚ್ಚುಕಮ್ಮಿ ನಿಂತಿರಬೇಕು. ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಕಾಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಒಂದೆರಡು ವಾರ ಮುಂಚೆಯೇ ನಿಲ್ಲಿಸಬೇಕು, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ. ಲೆನ್ಸ್ ಕಾರ್ನಿಯಾದ ಆಕಾರವನ್ನು ಒತ್ತಿ ಬದಲಿಸುತ್ತದೆ, ಅಳತೆ ತಪ್ಪಿಹೋಗುತ್ತದೆ.

ಆಮೇಲೆ ಕಾರ್ನಿಯಾದ ದಪ್ಪ. ಇದನ್ನು ಡಾಕ್ಟರ್ ನನಗೆ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ನಮ್ಮ ಕಾರ್ನಿಯಾ ನಡುವೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ. ನನ್ನದು 545 ಮೈಕ್ರಾನ್ ಬಂತು (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಮೇಲಿನ ಫ್ಲಾಪ್‌ಗೆ, ಅಂದರೆ ಲೇಸರ್ ಬಿಡುವ ಮುಂಚೆ ಮುಚ್ಚಳದ ಹಾಗೆ ಕತ್ತರಿಸಿ ಎತ್ತಿ, ಆಮೇಲೆ ಮತ್ತೆ ಮುಚ್ಚುವ ತೆಳು ಪದರಕ್ಕೆ, 110 ಮೈಕ್ರಾನ್ ಹೋಗುತ್ತದೆ. ಲೇಸರ್ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್ ತೆಗೆಯುತ್ತದೆ ಅಂತ ಇಟ್ಟುಕೊಂಡರೆ ಬಲಗಣ್ಣಿಗೆ ಹತ್ತಿರ ಹತ್ತಿರ 75. ಉಳಿಯುವುದು 360. ಕೆಳಗೆ ಕನಿಷ್ಠ 250 ಉಳಿಯಲೇಬೇಕು, 300 ಇದ್ದರೆ ಒಳ್ಳೆಯದು ಅನ್ನುತ್ತಾರೆ. ಈ ಲೆಕ್ಕವನ್ನು ನಿಮ್ಮ ಕಣ್ಣಿಗೂ ಹಾಕಿ ತೋರಿಸಿ ಅಂತ ಧೈರ್ಯವಾಗಿ ಕೇಳಿ. ತೋರಿಸಲು ಸಮಯ ಇಲ್ಲ ಅನ್ನುವ ಕಡೆ ಮಾಡಿಸಬೇಡಿ.

ದಪ್ಪ ಸಾಕಷ್ಟಿದ್ದರೂ ಆಕಾರ ಸರಿ ಇರಬೇಕು. ನಮ್ಮ ಚಿಕ್ಕಮ್ಮನ ಮಗಳನ್ನು ಕರೆದುಕೊಂಡು ಹೋದಾಗ ಪೆಂಟಾಕ್ಯಾಮ್ ಅನ್ನುವ ಯಂತ್ರದಲ್ಲಿ ಕಾರ್ನಿಯಾದ ನಕ್ಷೆ ತೆಗೆದರು. ಕೆಳಭಾಗದಲ್ಲಿ ಕೆಂಪು ಬಣ್ಣ ಎದ್ದು ಕಾಣುತ್ತಿತ್ತು. ಕೆರಟೋಕೋನಸ್ ಶುರುವಾಗುವ ಲಕ್ಷಣ. ಅಂದರೆ ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಉಬ್ಬುವ ಕಾಯಿಲೆ. ಅಂಥ ಕಣ್ಣಿಗೆ ಲೇಸಿಕ್ ಮಾಡಿದರೆ ಇನ್ನಷ್ಟು ಉಬ್ಬಿ ದೃಷ್ಟಿಯೇ ಕೆಡುತ್ತದೆ. ಡಾಕ್ಟರ್ ಅವಳನ್ನು ಕೇಳಿದ ಮೊದಲ ಪ್ರಶ್ನೆ, "ಕಣ್ಣು ಜಾಸ್ತಿ ಉಜ್ಜುತ್ತೀಯೇನಮ್ಮ?" ಅವಳಿಗೆ ಧೂಳಿನ ಅಲರ್ಜಿ, ಚಿಕ್ಕಂದಿನಿಂದ ಉಜ್ಜುವ ಅಭ್ಯಾಸ. ಅವರು ಲೇಸಿಕ್ ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿ, ಅಲರ್ಜಿಗೆ ಔಷಧಿ ಕೊಟ್ಟು, ಉಬ್ಬು ಹೆಚ್ಚುತ್ತಾ ಹೋದರೆ ಸಿ3ಆರ್ ಮಾಡಬೇಕಾಗುತ್ತದೆ ಅಂದರು. ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಅದು. ಅವಳು ಅಳುತ್ತಾ ಹೊರಗೆ ಬಂದಳು. ಆದರೆ ಅವತ್ತು 'ಬೇಡ' ಅಂದ ಡಾಕ್ಟರ್ ಮೇಲೆ ನನಗೆ ಈಗಲೂ ತುಂಬಾ ಗೌರವ. ಪರೀಕ್ಷೆಯ ಹಣ ದಂಡ ಆಯಿತು ಅಂತ ಯಾರೂ ಅಂದುಕೊಳ್ಳಬೇಡಿ. ಆ ಪರೀಕ್ಷೆ ಅವಳ ಕಣ್ಣು ಉಳಿಸಿತು.

ಇನ್ನು ಎಲ್ಲರಿಗೂ ಭಯ ಇರುವ ವಿಷಯ. ನೋವಾಗುತ್ತಾ? ನಡುವೆ ರೆಪ್ಪೆ ಬಡಿದರೆ? ಕಣ್ಣು ಅಲ್ಲಾಡಿದರೆ? ಮರಗಟ್ಟುವ ಹನಿ ಹಾಕುತ್ತಾರೆ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ ಇರುತ್ತದೆ, ಬಡಿಯಬೇಕು ಅಂದರೂ ಆಗುವುದಿಲ್ಲ. ಫ್ಲಾಪ್ ಮಾಡುವಾಗ ಕಣ್ಣನ್ನು ಒಂದು ಬಳೆಯಂಥದ್ದು ಹಿಡಿದುಕೊಂಡು ಒತ್ತುತ್ತದೆ. ಆ ಕೆಲವು ಸೆಕೆಂಡು ಎಲ್ಲ ಮಸುಕಾಗಿ ಕಪ್ಪಾಗುತ್ತದೆ. ಯಾರಾದರೂ ಮುಂಚೆ ಹೇಳಿರದಿದ್ದರೆ ದೃಷ್ಟಿ ಹೋಯಿತೇನೋ ಅಂತ ಎದೆ ಧಸಕ್ ಅನ್ನುವುದು ಇಲ್ಲೇ. ಹೋಗಿರುವುದಿಲ್ಲ, ಒತ್ತಡ ಬಿಟ್ಟ ಕೂಡಲೇ ಮತ್ತೆ ಕಾಣುತ್ತದೆ. ಆಮೇಲೆ ಇನ್ನೊಂದು ಲೇಸರ್. ಮಿಣುಕುವ ದೀಪವನ್ನೇ ನೋಡುತ್ತಿರಿ ಅನ್ನುತ್ತಾರೆ. ಟಕಟಕ ಅಂತ ಸದ್ದು, ಕೂದಲು ಸುಟ್ಟ ಹಾಗೆ ವಾಸನೆ. ಒಂದು ಕಣ್ಣಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಕಣ್ಣು ಸ್ವಲ್ಪ ಅತ್ತಿತ್ತ ಆದರೆ ಯಂತ್ರವೇ ಅದನ್ನು ಹಿಂಬಾಲಿಸುತ್ತದೆ, ಜಾಸ್ತಿ ಆದರೆ ತಾನೇ ನಿಲ್ಲುತ್ತದೆ.

ಆ ವಾಸನೆ ಬಂದರೂ ಇಲ್ಲಿ ಏನೂ ಸುಡುವುದಿಲ್ಲ. ಕಾರ್ನಿಯಾ ಸವೆಸುವ ಈ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್‌ನ ನೇರಳಾತೀತ ಬೆಳಕು. ಅದು ಅಣುಗಳ ಬೆಸುಗೆಯನ್ನೇ ಬಿಡಿಸಿ ತೆಗೆಯುತ್ತದೆ, ಪಕ್ಕದ ಭಾಗ ಬಿಸಿಯಾಗುವುದಿಲ್ಲ. ಇದನ್ನು 1981ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಮದ್ರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಲೇಸರ್ ಬಿಟ್ಟು ನೋಡಿದರಂತೆ, ಸುಟ್ಟ ಗುರುತೇ ಇಲ್ಲದೆ ನೀಟಾಗಿ ಕೊರೆದಿತ್ತು. ನಮ್ಮ ಪಕ್ಕದ ರಾಜ್ಯದವರೊಬ್ಬರ ಕೆಲಸ ಇಷ್ಟು ಜನರ ಕನ್ನಡಕ ತೆಗೆಸಿದೆ ಅಂತ ನೆನೆದಾಗ ಖುಷಿಯಾಗುತ್ತದೆ.

ಆಪರೇಷನ್ ಆದ ದಿನ ಸಂಜೆ ಮಾತ್ರ ಕಷ್ಟ. ಹನಿಯ ಪ್ರಭಾವ ಇಳಿದ ಮೇಲೆ ಉರಿ, ಧಾರಾಕಾರ ನೀರು, ಬೆಳಕು ನೋಡಲಾಗದು. ಪ್ಲಾಸ್ಟಿಕ್ ಕವಚ ಹಾಕಿಕೊಂಡು ಮಲಗಿದೆ. ಬೆಳಗ್ಗೆ ಎದ್ದಾಗ ಎದುರಿನ ಗೋಡೆ ಕ್ಯಾಲೆಂಡರಿನ ತಿಥಿ, ನಕ್ಷತ್ರ ಎಲ್ಲ ಓದಿದೆ. ಅದರ ಸಂತೋಷ ಹೇಳಿ ತೀರದು.

ಆಮೇಲಿನ ಪಥ್ಯದ ಬಗ್ಗೆ ನಮ್ಮ ಮನೆಗಳಲ್ಲಿ ಗೊಂದಲ ಜಾಸ್ತಿ. ಊಟದಲ್ಲಿ ಪಥ್ಯ ಏನೂ ಇಲ್ಲ, ಬದನೆಕಾಯಿ ತಿನ್ನಬಹುದು. ಪಥ್ಯ ಇರುವುದು ನೀರಿಗೆ ಮತ್ತು ಕೈಗೆ. ಡಾಕ್ಟರ್ ಹೇಳುವವರೆಗೆ ತಲೆಗೆ ಸ್ನಾನ ಮಾಡುವಾಗ ಕಣ್ಣಿಗೆ ನೀರು, ಸೋಪು ಹೋಗಬಾರದು. ಕಾಡಿಗೆ ಬೇಡ. ಈಜು ಒಂದು ತಿಂಗಳು ಬೇಡ. ಹೋಳಿ ಹತ್ತಿರ ಇದ್ದರೆ ತಾರೀಕು ಮುಂದೂಡಿ, ದಾವಣಗೆರೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕಣ್ಣು ತಂಪಾಗಲಿ ಅಂತ ಹರಳೆಣ್ಣೆ, ಜೇನು, ತಾಯಿಹಾಲು ಬಿಡುವುದು ಅಪಾಯ. ಅಜ್ಜಿಗೆ ಪ್ರೀತಿಯಿಂದಲೇ ಹೇಳಿ, ಆದರೆ ಬಿಡಲು ಕೊಡಬೇಡಿ. ಉಜ್ಜುವುದಂತೂ ಬೇಡವೇ ಬೇಡ. ಫ್ಲಾಪ್ ಕೂತುಕೊಳ್ಳುತ್ತದೆ, ಆದರೆ ಹಳೆಯ ಗಟ್ಟಿತನಕ್ಕೆ ಪೂರ್ತಿ ಬರುವುದಿಲ್ಲ. ಜೋರು ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಸರಿದಿರುವ ಉದಾಹರಣೆಗಳಿವೆ. ಕಬಡ್ಡಿ, ಕುಸ್ತಿ ಆಡುವ ಹುಡುಗರು ಫ್ಲಾಪ್ ಇಲ್ಲದ ವಿಧಾನ ಕೇಳುವುದು ಒಳ್ಳೆಯದು. ಒಂದು ಪಿಆರ್‌ಕೆ, ಮೇಲಿನ ಸಿಪ್ಪೆ ತೆಗೆದು ಮಾಡುತ್ತಾರೆ, ಮೂರು ನಾಲ್ಕು ದಿನ ಸಾಕಷ್ಟು ನೋವಿರುತ್ತದೆ. ಇನ್ನೊಂದು ಸ್ಮೈಲ್, ಸಣ್ಣ ಸೀಳಿನಿಂದ ಒಳಗಿನ ತೆಳು ಪದರ ಎಳೆದು ತೆಗೆಯುತ್ತಾರೆ. ಕಾರ್ನಿಯಾ ತೆಳುವಿದ್ದರೆ, ಪವರ್ ತೀರಾ ಜಾಸ್ತಿ ಇದ್ದರೆ ಐಸಿಎಲ್ ಅಂತ ಕಣ್ಣೊಳಗೇ ಲೆನ್ಸ್ ಇಡುತ್ತಾರೆ.

ನನ್ನ ದೊಡ್ಡ ದೂರು ಒಣಕಣ್ಣಿನದು. ಫ್ಲಾಪ್ ಮಾಡುವಾಗ ಕಾರ್ನಿಯಾದ ಸಣ್ಣ ನರಗಳು ತುಂಡಾಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಅಂತ ಮಿದುಳಿಗೆ ಹೇಳುವ ನರಗಳೇ ಅವು. ಮತ್ತೆ ಬೆಳೆಯಲು ತಿಂಗಳುಗಳು ಬೇಕು. ನಾನು ಹೋದ ಆಸ್ಪತ್ರೆಯ ಕೌನ್ಸೆಲರ್ ಪ್ಯಾಕೇಜ್ ರೇಟುಗಳನ್ನು ಬಿಡಿಸಿ ಬಿಡಿಸಿ ಹೇಳಿದರು, ಇದರ ಬಗ್ಗೆ "ಸ್ವಲ್ಪ ಡ್ರೈನೆಸ್ ಇರುತ್ತೆ" ಅಂದಿದ್ದು ಬಿಟ್ಟರೆ ಏನಿಲ್ಲ. ನನಗೆ ಆರೇಳು ತಿಂಗಳು ಚೆನ್ನಾಗೇ ಕಾಡಿತು. ಮಧ್ಯಾಹ್ನದ ಹೊತ್ತಿಗೆ ಎಸಿಯ ಗಾಳಿಗೆ ಕಣ್ಣಲ್ಲಿ ಮರಳು ಹೊಕ್ಕ ಹಾಗೆ ಚುಚ್ಚುತ್ತಿತ್ತು. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಹನಿ, ಎಸಿ ಮುಖಕ್ಕೆ ಬೀಸದ ಹಾಗೆ ಕುರ್ಚಿ ತಿರುಗಿಸಿಕೊಂಡಿದ್ದು, ಆಗಾಗ ಪೂರ್ತಿ ರೆಪ್ಪೆ ಮುಚ್ಚಿ ತೆರೆಯುವುದು, ಇವು ಕೆಲಸ ಮಾಡಿದವು. ಈಗಲೂ ಮಾರ್ಚ್, ಏಪ್ರಿಲ್ ಬಿಸಿಲಿಗೆ ಬ್ಯಾಗಿನಲ್ಲಿ ಹನಿ ಇರಲೇಬೇಕು. ಮುಂಚಿನಿಂದಲೇ ಕಣ್ಣು ಒಣಗುವ ತೊಂದರೆ ಇದ್ದರೆ ಅದಕ್ಕೆ ಮೊದಲು ಚಿಕಿತ್ಸೆ ಆಗಲಿ, ಲೇಸಿಕ್ ಆಮೇಲೆ. ಇನ್ನು ಆಪರೇಷನ್ ಆದ ಮೇಲೆ ಕೊಡುವ ಸ್ಟೀರಾಯ್ಡ್ ಹನಿಯನ್ನು ಹೇಳಿದಷ್ಟು ದಿನ ಮಾತ್ರ ಹಾಕಿ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಂಡು ಮುಂದುವರಿಸಿದರೆ ಕಣ್ಣಿನ ಒತ್ತಡ ಏರಬಹುದು.

ರಾತ್ರಿ ಹೆದ್ದಾರಿಯಲ್ಲಿ ಎದುರು ಲಾರಿಯ ದೀಪದ ಸುತ್ತ ಬಳೆ ಕಾಣುವುದು ಇನ್ನೊಂದು. ಕತ್ತಲಲ್ಲಿ ಪಾಪೆ ಹಿಗ್ಗಿ, ಲೇಸರ್ ಮಾಡದ ಅಂಚಿನಿಂದಲೂ ಬೆಳಕು ಒಳಗೆ ಬರುತ್ತದೆ. ಮೊದಲ ವರ್ಷ ಚಿತ್ರದುರ್ಗದ ಕಡೆ ರಾತ್ರಿ ಹೊರಟರೆ ಯಜಮಾನರೇ ಓಡಿಸುತ್ತಿದ್ದರು. ಈಗ ನಾನೇ ಓಡಿಸುತ್ತೇನೆ, ಬಳೆ ಇದೆ ಆದರೆ ತೊಂದರೆ ಕೊಡುವಷ್ಟಿಲ್ಲ.

ಪವರ್ ಮತ್ತೆ ಬರುತ್ತಾ? ನನಗೆ ಎಡಗಣ್ಣಿಗೆ ಮೈನಸ್ 0.5 ಬಂದಿದೆ. ದಿನದ ಕೆಲಸಕ್ಕೆ ಗೊತ್ತೇ ಆಗುವುದಿಲ್ಲ. ಜಾಸ್ತಿ ಬಂದವರಿಗೆ, ಕಾರ್ನಿಯಾ ಉಳಿದಿದ್ದರೆ, ಇನ್ನೊಮ್ಮೆ ತಿದ್ದಬಹುದು. ಇದಕ್ಕಿಂತ ಮುಖ್ಯವಾದದ್ದು ಚಾಳೀಸು. ನಲವತ್ತರ ಆಸುಪಾಸಿನಲ್ಲಿ ಒಳಗಿನ ಮಸೂರ ಗಟ್ಟಿಯಾಗಿ ಹತ್ತಿರದ್ದು ಮಂಜಾಗುತ್ತದೆ. ಲೇಸಿಕ್ ಇದನ್ನು ತಡೆಯುವುದಿಲ್ಲ. ನಮ್ಮಮ್ಮನಿಗೂ ಮೈನಸ್ ಪವರ್. ಈ ವಯಸ್ಸಲ್ಲೂ ಕನ್ನಡಕ ತೆಗೆದು ಪಂಚಾಂಗ ಹತ್ತಿರ ಹಿಡಿದು ಸಲೀಸಾಗಿ ಓದುತ್ತಾರೆ. ಲೇಸಿಕ್ ಆದವರಿಗೆ ಆ ಅನುಕೂಲ ಇರುವುದಿಲ್ಲ. ನಾನು ಈಗಾಗಲೇ ಮಾತ್ರೆ ಹಾಳೆಯ ಹಿಂದಿನ ಸಣ್ಣ ತಾರೀಕು ಓದಲು ಕೈ ಚಾಚಿ ಹಿಡಿಯುತ್ತೇನೆ. ಮೂವತ್ತೆಂಟು, ನಲವತ್ತರಲ್ಲಿ ಲೇಸಿಕ್‌ಗೆ ಹೊರಟವರು ಇದನ್ನು ಚೆನ್ನಾಗಿ ಯೋಚಿಸಬೇಕು.

ಈಗ ಉದ್ದ ಬೆಳೆದ ಕಣ್ಣಿನ ಮಾತು. ಅಂಥ ಕಣ್ಣಿನ ಹಿಂದಿರುವ, ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಎಳೆದು ತೆಳುವಾಗಿರುತ್ತದೆ, ತೂತು ಬೀಳುವ, ಕಳಚುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಕನ್ನಡಕ ಹೋದ ಮೇಲೆ ಜನ ಕಣ್ಣಿನ ಡಾಕ್ಟರ್ ಕಡೆ ತಲೆ ಹಾಕುವುದಿಲ್ಲ, ಅದೇ ನನಗೆ ಬೇಜಾರು. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿ. ಇದ್ದಕ್ಕಿದ್ದ ಹಾಗೆ ಮಿಂಚು ಹೊಡೆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಪರದೆ ಇಳಿದ ಹಾಗೆ ಒಂದು ಕಡೆ ಮುಚ್ಚಿದರೆ, ನಾಳೆ ಅನ್ನಬೇಡಿ, ಅವತ್ತೇ ಹೋಗಿ.

ಹೋದಾಗಲೆಲ್ಲ "ಲೇಸಿಕ್ ಆಗಿದೆ" ಅಂತ ಹೇಳಬೇಕು. ಕಾರ್ನಿಯಾ ತೆಳುವಾದ್ದರಿಂದ ಕಣ್ಣಿನ ಒತ್ತಡದ ಅಳತೆ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಕಣ್ತಪ್ಪಬಹುದು. ಮುಂದೆ ಪೊರೆ ಬಂದಾಗ ಹಾಕುವ ಲೆನ್ಸಿನ ಪವರ್ ಲೆಕ್ಕವೂ ಕಷ್ಟವಾಗುತ್ತದೆ. ಆಗ ಲೇಸಿಕ್‌ಗೆ ಮುಂಚಿನ ಅಳತೆಗಳಿದ್ದರೆ ಡಾಕ್ಟರಿಗೆ ತುಂಬಾ ಸಹಾಯ. ನನಗೆ ಆಸ್ಪತ್ರೆಯವರು ಒಂದು ಡಿಸ್ಚಾರ್ಜ್ ಚೀಟಿ ಮಾತ್ರ ಕೊಟ್ಟಿದ್ದರು. ಎರಡು ಮೂರು ಸಲ ಕೇಳಿದ ಮೇಲೆ ಪೂರ್ತಿ ರಿಪೋರ್ಟ್ ಸಿಕ್ಕಿತು. ಮನೆ ಪತ್ರದ ಜೊತೆಗೇ ಇಟ್ಟಿದ್ದೇನೆ, ಫೋಟೋ ತೆಗೆದು ಮಗನ ಫೋನಿನಲ್ಲೂ ಹಾಕಿದ್ದೇನೆ.

ಖರ್ಚು ನನಗೆ ಆಗ ಎಪ್ಪತ್ತು ಸಾವಿರದ ಹತ್ತಿರ ಆಯಿತು. ಪವರ್ 7.5ಕ್ಕಿಂತ ಕಮ್ಮಿ ಇದ್ದರೆ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಪಾಲಿಸಿಗಳಲ್ಲಿ ಹಾಗೇ ಬರೆದಿರುತ್ತದೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಅಧಿಸೂಚನೆ ಓದಿಯೇ ಮುಂದುವರಿಯಿರಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಆದವರನ್ನು ತೆಗೆದುಕೊಳ್ಳುವುದಿಲ್ಲ.

ಹೆಣ್ಣು ನೋಡಲು ಬರುತ್ತಾರೆ, ಕನ್ನಡಕ ತೆಗೆಸಿಬಿಡೋಣ ಅಂತ ಫೋನ್ ಮಾಡುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಮಗಳಿಗೆ ಬೇಕಿದ್ದರೆ ಮಾಡಿಸಿ. ಗಂಡಿನ ಕಡೆಯವರಿಗೆ ಅಂತ ಬೇಡ. ಕನ್ನಡಕದಲ್ಲಿ ಯಾವ ಕೊರತೆಯೂ ಇಲ್ಲ, ಕಣ್ಣು ಅವಳದ್ದು.

ಕೊನೆಗೆ, ಇತ್ತೀಚೆಗೆ ಜಾಸ್ತಿ ಕೇಳುವ ಪ್ರಶ್ನೆ: ಲೇಸಿಕ್ ಆದವರು ನೇತ್ರದಾನ ಮಾಡಬಹುದಾ? 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಅವತ್ತಿನಿಂದ ನೇತ್ರದಾನಕ್ಕೆ ಹೆಸರು ಕೊಟ್ಟವರು ನಮ್ಮ ಆಫೀಸಿನಲ್ಲೇ ಎಷ್ಟೋ ಜನ. ಲೇಸಿಕ್ ಆದವರೂ ಕೊಡಬಹುದು. ಮುಂದಿನ ಪದರ ಸವೆದಿರುವುದರಿಂದ ಇಡೀ ಕಾರ್ನಿಯಾವಾಗಿ ಹಾಕುವುದಿಲ್ಲ, ಹಿಂದಿನ ಪದರ ಚೆನ್ನಾಗಿದ್ದರೆ ಅದು ಬೇಕಾದವರಿಗೆ ಬಳಸುತ್ತಾರೆ. ನಾನೂ ಹೆಸರು ಕೊಟ್ಟಿದ್ದೇನೆ. ಕಣ್ಣಿನ ಬ್ಯಾಂಕಿನವರು ಬಂದಾಗ ಲೇಸಿಕ್ ಆಗಿದೆ ಅಂತ ಮೊದಲು ಹೇಳಿ ಅಂತ ಮನೆಯವರಿಗೆ ತಿಳಿಸಿಟ್ಟಿದ್ದೇನೆ.