ವ್ಯಾಮ್ ಪುಡಿ: ಕೆಲವು ಹಂಗಾಮು ಬಳಸಿದ ಮೇಲೆ

ಸಕಲೇಶಪುರದ ಕಡೆ ಸಣ್ಣ ನರ್ಸರಿ ನಮ್ಮದು. ಕಾಫಿ, ಮೆಣಸಿನ ಜೊತೆ ಹೊನ್ನೆ, ಬೀಟೆ, ಹಲಸು, ನೇರಳೆ ಸಸಿಗಳನ್ನೂ ಮಾಡುತ್ತೇವೆ. ಗೊಬ್ಬರದಂಗಡಿಯಲ್ಲಿ ಸಿಗುವ ವ್ಯಾಮ್, ಅಂದರೆ ಗಿಡದ ಬೇರಿನ ಜೊತೆ ಬದುಕುವ ಮೈಕೊರೈಜಾ ಎಂಬ ಶಿಲೀಂಧ್ರದ ಪುಡಿಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೊಟ್ಟಣದ ಮೇಲೆ ಬರೆಯದೆ ಬಿಟ್ಟ ಸಂಗತಿಗಳಿಗೆ.

ಮುಖ್ಯವಾದದ್ದು ರಂಜಕ. ಈ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ಬೇರು ತಲುಪದ ಕಡೆಗೂ ಎಳೆ ಚಾಚಿ ರಂಜಕ ತಂದುಕೊಡುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ನಮ್ಮ ಹುಳಿ ಕೆಂಪುಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಕಚ್ಚಿಕೊಂಡು ಕೂರುವುದರಿಂದ ಈ ಕೊಡು-ಕೊಳ್ಳುವಿಕೆ ಗಿಡಕ್ಕೆ ಲಾಭವೇ. ಆದರೆ ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಹಾಕಿ, ಮೇಲಿಂದ ಮೇಲೆ 19:19:19 ಗೊಬ್ಬರ ಕರಗಿಸಿದ ನೀರು ಹೊಯ್ದರೆ ಗಿಡಕ್ಕೆ ಈ ನಂಟೇ ಬೇಡವಾಗುತ್ತದೆ, ಶಿಲೀಂಧ್ರ ಬೇರು ಹಿಡಿಯುವುದಿಲ್ಲ. ಅಂಗಡಿಯವರು ಮಾತ್ರ ವ್ಯಾಮ್, ಡಿಎಪಿ ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆಯುತ್ತಾರೆ! ನಾವು ಮಣ್ಣಿನ ಮಿಶ್ರಣಕ್ಕೆ ನಿಧಾನವಾಗಿ ರಂಜಕ ಬಿಡುವ ಕಲ್ಲಿನ ಪುಡಿ, ರಾಕ್ ಫಾಸ್ಫೇಟ್, ಸ್ವಲ್ಪ ಸೇರಿಸಿ, ಎಲೆ ಹಳದಿಯಾದರಷ್ಟೇ ತೆಳುವಾಗಿ ಯೂರಿಯಾ ನೀರು ಕೊಡುತ್ತೇವೆ.

ಫಲ ಕಂಡದ್ದು ಎಲ್ಲಿ? ತೆಂಗಿನ ನಾರಿನ ಪುಡಿ ತುಂಬಿದ ಕಪ್‌ಗಳಲ್ಲಿ. ಅಲ್ಲಿ ಹೊನ್ನೆ, ಹಲಸು ಎರಡೂ ಎದ್ದು ಕಾಣುವಂತೆ ಮುಂದಾದವು, ಗದ್ದೆಬದುವಿಗೆ ನೆಟ್ಟ ಮೇಲೂ ಬೇಗ ಚೇತರಿಸಿಕೊಂಡವು. ಕಾಫಿ ಸಸಿಯ ಪ್ಯಾಕೆಟ್‌ಗಳಿಗೆ ಮಣ್ಣಿನ ಮಿಶ್ರಣ ಹಳೆಯ ಲೆಕ್ಕದ್ದೇ: ಕಾಡುಮಣ್ಣು 6, ಹಟ್ಟಿಗೊಬ್ಬರ 2, ಮರಳು 1. ಅವುಗಳಲ್ಲಿ ಪುಡಿ ಹಾಕಿದ ಸಾಲಿಗೂ ಹಾಕದ ಸಾಲಿಗೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಒಳ್ಳೆಯ ಕಾಡುಮಣ್ಣಿನಲ್ಲಿ ಈ ಶಿಲೀಂಧ್ರ ಮೊದಲೇ ಇರುತ್ತದೆ. ಸಿಲ್ವರ್ ಓಕ್‌ಗಂತೂ ಹಾಕಲೇಬೇಡಿ. ಅದರ ಕುಟುಂಬದ ಮರಗಳು ಸಾಮಾನ್ಯವಾಗಿ ಈ ಶಿಲೀಂಧ್ರವನ್ನು ನೆಚ್ಚುವುದಿಲ್ಲ, ಗೊಂಚಲು ಬೇರು ಬಿಟ್ಟು ತಾವೇ ರಂಜಕ ದುಡಿದುಕೊಳ್ಳುತ್ತವೆ.

ಮೇಲೆ ಉದುರಿಸಿದರೆ ದಂಡ. ಸಸಿ ಕಿತ್ತು ಕೂರಿಸುವಾಗ ಗುಳಿಯೊಳಗೆ ಬೇರಿಗೆ ತಾಗುವ ಹಾಗೆ ಹಾಕಬೇಕು. ಹಳೆಯ ದಾಸ್ತಾನು, ಬಿಸಿಲಿಗಿಟ್ಟ ಚೀಲ ಬೇಡ.

ಬುಡ ಕೊಳೆಯುತ್ತದೆಂದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹೊಯ್ಯುವ ರೂಢಿ ನಮ್ಮ ಕಡೆ ಜಾಸ್ತಿ. ಅದು ಬೇರಿನ ಈ ಗೆಳೆಯನನ್ನೂ ಹೊಡೆಯುತ್ತದೆ. ಆಮೇಲೆ 'ಪುಡಿ ಕೆಲಸ ಮಾಡಲಿಲ್ಲ' ಎಂದು ದೂರುವವರನ್ನು ಸಾಕಷ್ಟು ಕಂಡಿದ್ದೇನೆ. ಮಳೆಗಾಲದಲ್ಲಿ ನೆರಳು ತೆಳುಮಾಡಿ ನೀರು ಕಡಿಮೆ ಮಾಡುವುದು ಮೊದಲ ಮದ್ದು.

ಇನ್ನೊಂದು, ಗೊಬ್ಬರದ ಹೆಂಟೆಯ ಮೇಲೆ ಕಾಣುವ ಬಿಳಿ ಬೂಸ್ಟು ವ್ಯಾಮ್ ಅಲ್ಲ. ಬೇರಿನೊಳಗಿರುವ ಇದನ್ನು ನೋಡಬೇಕಾದರೆ ಬೇರಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿಡಬೇಕು. ಹಾಗಾಗಿ ಕೊಂಡ ಚೀಲದಲ್ಲಿ ಜೀವ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷಿಸುವ ದಾರಿ ಒಂದೇ: ಸಸಿಗಳ ಪ್ರತಿ ತಂಡದಲ್ಲೂ ಒಂದು ಸಾಲು ಪುಡಿಯಿಲ್ಲದೆ ಬಿಡುವುದು.

ಮುಂದಿನ ಹಂಗಾಮಿಗೆ ಕಪ್ ಸಸಿಗಳಿಗೆ ಬೇಕಾದಷ್ಟು ಮಾತ್ರ ತರಿಸುತ್ತೇನೆ, ಕಾಫಿ ಪ್ಯಾಕೆಟ್‌ಗೆ ಇಲ್ಲ.