ಬಸವನಗುಡಿ ತಾತನ ಮಾತಾಡುವ ಗೊಂಬೆ: ಎರಡು ತಿಂಗಳು ಆಡಿಸಿದ ಮೇಲೆ

ಬಸವನಗುಡಿಯ ಒಂದು ಮನೆಯವರು ತಮ್ಮ ತಾತ ಕೂಡಿಸಿಟ್ಟಿದ್ದ ಮಾತಾಡುವ ಗೊಂಬೆಗಳನ್ನು ಆಡಿಸುವವರಿಗೇ ಕೊಡಬೇಕು ಅಂತ ಹುಡುಕುತ್ತಿದ್ದರು. ಹೋಗಿ ನೋಡಿದೆ, 14,000 ಕೊಟ್ಟು ಒಂದನ್ನು ತಂದೆ. ಮಾತಾಡುವ ಗೊಂಬೆ ಆಡಿಸುವ ಇಂದುಶ್ರೀ, ಅವರ ಗೊಂಬೆ ಡಿಂಕು, ಇವರನ್ನು ನೋಡಿ ಬೆಳೆದವಳು ನಾನು, ಇಂಥದ್ದೊಂದು ಕೈಗೆ ಸಿಗುತ್ತದೆ ಅಂದರೆ ಬಿಡುವುದು ಹೇಗೆ!

ಗೊಂಬೆ ಮೂರಡಿ ಎತ್ತರ ಇದೆ. ತಲೆ ಕಾಗದ ಅರೆದು ಮಾಡಿದ್ದು, ಒಳಗೆ ಟೊಳ್ಳು, ಅದಕ್ಕೇ ಹಗುರ. ಕತ್ತಿನ ಹಿಂದಿನ ದಾರ ಎಳೆದರೆ ಬಾಯಿ ಮಾತ್ರ ಆಡುತ್ತದಲ್ಲ, ಆ ಆಟಿಕೆ ಗೊಂಬೆ ಬೇರೆ. ಇದು ಸ್ಟೇಜಿಗೆ ಅಂತಲೇ ಮಾಡಿದ್ದು. ಬೆನ್ನಿನೊಳಗೆ ಕೈ ಹಾಕಿದರೆ ತಲೆಯ ಕೋಲು ಸಿಗುತ್ತದೆ, ಹೆಬ್ಬೆರಳಿನ ಲಿವರ್ ಬಾಯಿಗೆ, ತೋರುಬೆರಳಿನದು ಕಣ್ಣಿಗೆ. ಲಿವರ್ ಪಕ್ಕದ ಮರದಲ್ಲಿ ತಾತನ ಹೆಬ್ಬೆರಳು ಉಜ್ಜಿ ಉಜ್ಜಿ ಸಣ್ಣ ಹಳ್ಳ ಬಿದ್ದಿದೆ. ನನ್ನ ಬೆರಳು ತಾನಾಗೇ ಅಲ್ಲಿ ಹೋಗಿ ಕೂರುತ್ತದೆ.

ತೊಂದರೆ ಇದ್ದದ್ದು ಬಾಯಲ್ಲಿ. ಒಂದೊಂದು ಅಕ್ಷರಕ್ಕೂ ಬಾಯಿ ಒಂದು ಸಲ ತೆರೆದು ಮುಚ್ಚಬೇಕು, ಆದರೆ ಸ್ಪ್ರಿಂಗ್ ಸಡಿಲವಾಗಿ "ಎಲ್ಲಿಗೆ ಹೋಗಿದ್ದೆ ಇಷ್ಟು ಹೊತ್ತು" ಅನ್ನುವಷ್ಟರಲ್ಲಿ ಅರ್ಧಕ್ಕೇ ತೆರೆದುಕೊಂಡು ನಿಂತುಬಿಡುತ್ತಿತ್ತು. ಒಂದು ಆಟಿಕೆ ಅಂಗಡಿಯಲ್ಲಿ ತೋರಿಸಿದರೆ ಒಳಗಿನದೆಲ್ಲ ಬದಲಾಯಿಸಿ, ಮುಖಕ್ಕೂ ಹೊಸ ಪೇಂಟ್ ಹೊಡೆಯುತ್ತೇವೆ ಅಂದರು. ನನಗೆ ಸಿಟ್ಟೇ ಬಂತು. ಆ ಕೆನ್ನೆಯ ಕೆಂಪು, ಹುಬ್ಬಿನ ಹತ್ತಿರದ ಕೂದಲೆಳೆಯಂಥ ಬಿರುಕು, ಇವೆಲ್ಲ ಹೋದರೆ ಅದು ಅದೇ ಗೊಂಬೆ ಆಗುತ್ತದಾ? ವಾಪಸ್ ತಂದೆ. ಕೊನೆಗೆ ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರು ಸ್ಪ್ರಿಂಗನ್ನು ಬೆರಳಲ್ಲಿ ಎರಡು ಸಲ ಒತ್ತಿ ನೋಡಿ, ಬೇಕಾದಷ್ಟು ಬಿಗಿಯಾದ ಇನ್ನೊಂದನ್ನು ಡಬ್ಬಿಯಿಂದ ಹುಡುಕಿ ಹಾಕಿದರು. ಅರ್ಧ ಗಂಟೆ ಕೆಲಸ, 250 ರೂಪಾಯಿ. ಈಗ ಪೂರ್ತಿ ವಾಕ್ಯ ಹೇಳುತ್ತದೆ.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ಗೊಂಬೆಯ ಮಾತು ಆಡುವವರು ನಾವೇ, ಆದರೆ ನಮ್ಮ ತುಟಿ ಅಲುಗಬಾರದು. ಪ, ಬ, ಮ ಮೂರಕ್ಕೂ ತುಟಿ ಸೇರಲೇಬೇಕು, ಅಂದರೆ ನಮ್ಮ ಅಪ್ಪ, ಅಮ್ಮ, ಬೆಂಗಳೂರು ಎಲ್ಲವೂ ಕಷ್ಟ. ತಾತ, ಅಜ್ಜಿ ಸಲೀಸು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ 'ಅನ್ನ' ಅಂತಲೇ ಹೇಳಿ, ಗೊಂಬೆಯ ಬಾಯಿ ಸರಿಯಾಗಿ ಆಡಿದರೆ ಕೇಳುವವರ ಕಿವಿಗೆ ಅದು 'ಅಮ್ಮ' ಅಂತಲೇ ಬೀಳುತ್ತದೆ. ಅದಕ್ಕೇ ಕೊಳ್ಳುವಾಗ ಬಣ್ಣ ನೋಡುತ್ತಾ ನಿಲ್ಲಬೇಡಿ, ಲಿವರ್ ಒತ್ತಿ ನೋಡಿ. ಮಳೆಗಾಲದಲ್ಲಿ ಕಾಗದದ ತಲೆ ತೇವ ಎಳೆಯುತ್ತದೆ, ಗೋಡೆಗೆ ಒರಗಿಸಬೇಡಿ. ಹಾಗಂತ ಬೀರುವಿನಲ್ಲಿಟ್ಟು ಮರೆಯುವುದೂ ಬೇಡ. ಮುಂಬೈನ ರಾಮದಾಸ್ ಪಾಧ್ಯೆ ಆಡಿಸುವ ಅರ್ಧವಟರಾವ್ ಅನ್ನುವ ಗೊಂಬೆ ಅವರ ತಂದೆಯ ಕಾಲದ್ದು, ನೂರು ವರ್ಷ ದಾಟಿದೆ, ಅದು ಉಳಿದಿರುವುದು ಸ್ಟೇಜಿನ ಮೇಲೇ ಅಲ್ವಾ.

ಆ ಮನೆಯಲ್ಲಿ ಇನ್ನೂ ಎರಡು ಗೊಂಬೆ ಇವೆ. ಒಂದಕ್ಕೆ ಕಣ್ಣು ಆಡುವುದಿಲ್ಲ, ಬಾಯಿ ಮಾತ್ರ ಬಹಳ ಚೆನ್ನಾಗಿದೆ. ಹೋದರೆ ಅಜ್ಜಿ ಮೊದಲು ನಿಮ್ಮ ಕೈಯಲ್ಲಿ ಎರಡು ಮಾತು ಆಡಿಸುತ್ತಾರೆ, ರೇಟು ಆಮೇಲೆ.