ಕೈಟ್‌ಸರ್ಫಿಂಗ್ ಕಲಿಯೋರು ವೆಸ್ಟ್ ತಗೊಳ್ಳುವ ಮುಂಚೆ ಓದಿ

ರಾಮೇಶ್ವರಕ್ಕೆ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ ಎಳೆದಂತೆ ಹಲಗೆ ಮೇಲೆ ನಿಂತು ನೀರಲ್ಲಿ ಸಾಗುವ ಆಟ) ಕಲಿಯಲು ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ಒಂದು ಇಂಪ್ಯಾಕ್ಟ್ ವೆಸ್ಟ್, ಅಂದ್ರೆ ಪೆಟ್ಟು ತಡೆಯುವ ಫೋಮ್ ಜಾಕೆಟ್, ತರಿಸಿದ್ದೆ. ಫೋಮ್ ಚೆನ್ನಾಗಿದೆ, ಪಕ್ಕೆ ನೀರಿಗೆ ಬಡಿದರೂ ನೋವಾಗಲಿಲ್ಲ. ಆದರೆ ಉದ್ದ ಜಾಸ್ತಿ. ಕೈಟ್ ಮೇಲಕ್ಕೆ ಎಳೆದಾಗಲೆಲ್ಲ ಹಾರ್ನೆಸ್ (ಕೈಟ್ ಸಿಕ್ಕಿಸುವ ಸೊಂಟದ ಪಟ್ಟಿ) ಆ ದಪ್ಪ ಫೋಮ್ ಮೇಲೆ ಜಾರಿ ಕಂಕುಳವರೆಗೂ ಏರುತ್ತಿತ್ತು, ಅದರ ಹುಕ್ ಬಂದು ಎದೆಗೆ ಒತ್ತುತ್ತಿತ್ತು, ಉಸಿರಾಡೋದೇ ಕಷ್ಟ. ಆ ವೆಸ್ಟ್ ವೇಕ್‌ಬೋರ್ಡ್‌ಗೆ (ದೋಣಿ ಎಳೆಯುವ ಹಲಗೆ ಮೇಲಿನ ಆಟಕ್ಕೆ) ಮಾಡಿದ್ದಂತೆ! ಮಾರುವವರು ಅದನ್ನು ಎಲ್ಲೂ ಬರೆದಿರಲಿಲ್ಲ, ಅದಕ್ಕೇ ಬೇಜಾರು.

ಮರುದಿನ ತರಬೇತಿಯವರು ಕೊಟ್ಟ ಗಿಡ್ಡ ವೆಸ್ಟ್ ಹಾಕಿದೆ. ಸೊಂಟಕ್ಕಿಂತ ಮೇಲೇ ಮುಗಿಯುತ್ತೆ, ಹಾರ್ನೆಸ್ ತನ್ನ ಜಾಗದಲ್ಲೇ ಕೂತಿತ್ತು.

ಇನ್ನೊಂದು ವಿಷಯ. ಇಂಪ್ಯಾಕ್ಟ್ ವೆಸ್ಟ್ ಪೆಟ್ಟು ತಡೆಯೋಕೆ, ಅದು ಸ್ವಲ್ಪ ತೇಲಿಸುತ್ತೆ ನಿಜ, ಆದರೆ ಅದನ್ನೇ ನಂಬಿ ಆಳಕ್ಕೆ ಹೋಗಬೇಡಿ. ತೇಲೋಕೂ ನೆರವು ಬೇಕಿದ್ರೆ ಒಳಗಿನ ಲೇಬಲ್‌ನಲ್ಲಿ 50 ನ್ಯೂಟನ್ (ತೇಲಿಸುವ ಬಲ), ಐಎಸ್‌ಒ 12402-5 (ಅಂಥ ವೆಸ್ಟ್‌ಗಳ ಅಂತರರಾಷ್ಟ್ರೀಯ ಮಾನದಂಡ) ಅಂತ ಇದೆಯಾ ನೋಡಿ. ಅದೂ ಈಜು ಬರೋರಿಗೆ ಮಾತ್ರ. ಪ್ರಜ್ಞೆ ತಪ್ಪಿದರೆ ಮುಖ ಮೇಲೆ ಮಾಡಿ ಹಿಡಿಯುವ ಲೈಫ್ ಜಾಕೆಟ್ ಅಲ್ಲ ಅದು.

ಅಂಗಡಿಯಲ್ಲಿ ಹಾರ್ನೆಸ್ ಸಮೇತ ಹಾಕಿಕೊಂಡು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ವೆಸ್ಟ್ ಗದ್ದಕ್ಕೆ ತಾಗಿದರೆ ಒಂದು ಸೈಜ್ ಚಿಕ್ಕದು ಕೇಳಿ.